ದೊಡ್ಡ ಬ್ಲೈಂಡ್ ಕಾಯ್ದ ಮೂರು ವಾರ

ಶನಿವಾರ ಸಂಜೆ ಐದೂವರೆಗೆ ನಮ್ಮ ಆಫೀಸು ನೋಡಿಕೊಳ್ಳುವ ಮೇಡಂ ಬಾಗಿಲ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದರು. ಆರು ಹೆಸರು ಇದ್ದವು. ಮೇಲಿನಿಂದ ಓದುತ್ತ ಬಂದೆ. ನನ್ನದು ಸಿಕ್ಕಿದ್ದು ಐದನೇ ಸಾಲಿನಲ್ಲಿ. ಆರನೆಯದು ಗುಮಾಸ್ತ ಕಾಕಾ ಅವರದು.

"ಇದು ಬ್ಲೈಂಡಿನ ಪಟ್ಟಿ," ಅಂದರು ಮೇಡಂ. "ಬ್ಲೈಂಡಿನಾಗ ಕುಂತಾಗ ಯಾರು ಕಮ್ಮಿ ಕಳ್ಕೊಂಡಾರ, ಅವರು ಮ್ಯಾಲ. ಮೂರು ವಾರ ಬಿಟ್ಟು ಮತ್ತೊಂದು ಹಚ್ತೀನಿ. ಅದರಾಗ ಮ್ಯಾಲಿನ ನಾಲ್ಕು ಮಂದಿ ಉಳೀತೀರಿ. ನನ್ನ ಕೈಯಾಗ ಇಷ್ಟೇ ಅದ."

 ಕೆಳಗಿನ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಮಷೀನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ನಮ್ಮ ಕೆಲಸ ಏನು ಅಂತ ಕೇಳಿದವರಿಗೆ ಹೇಳೋದು ಸ್ವಲ್ಪ ಕಷ್ಟ. ಹುಮನಾಬಾದಿನ ಬೈಪಾಸಿನ ಹತ್ತಿರ, ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಆರು ಕಂಪ್ಯೂಟರ್. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆತನಕ ನಾವು ಆರು ಮಂದಿ ಕೂತು ಇಸ್ಪೀಟು ಆಡುತ್ತಿದ್ದೆವು. ರೊಕ್ಕದ ಆಟವಲ್ಲ. ಒಂದು ಕಂಪನಿ ಮೊಬೈಲಿನಲ್ಲಿ ಪೋಕರ್ ಕಲಿಸುವ ಪಾಠ ತಯಾರಿಸುತ್ತಿತ್ತು. ನಾವು ಆಡಿದ ಒಂದೊಂದು ಆಟವನ್ನೂ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತಿತ್ತು, ಪಾಠ ಅದರಿಂದ ಆಗಬೇಕಿತ್ತು. ಆ ಒಂದೊಂದು ಆಟಕ್ಕೆ ನಾವು ಡಾವ ಅನ್ನುತ್ತಿದ್ದೆವು. ದಿನಕ್ಕೆ ಆರುನೂರು ಡಾವ. ಬಸವಕಲ್ಯಾಣದಲ್ಲಿ ನಾನು ಏಳು ವರ್ಷ ಗಣಿತ ಕಲಿಸಿದ ಖಾಸಗಿ ಶಾಲೆ ಮುಚ್ಚಿತ್ತು. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ, ಲೆಕ್ಕ ಬರುವವರು ಬೇಕು ಅಂತ ಕರೆದದ್ದು ಇದೊಂದೇ.

ಆಟ ಹೀಗಿತ್ತು. ಪ್ರತಿಯೊಬ್ಬರಿಗೆ ಮುಚ್ಚಿದ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಆಮೇಲೆ ಇನ್ನೊಂದು. ಈ ಏಳರಲ್ಲಿ ಒಳ್ಳೆಯ ಐದು ಯಾರದೋ ಅವರು ಗೆದ್ದ ಹಾಗೆ. ಎಷ್ಟು ಹಾಕಬೇಕು ಅನ್ನೋದು ಮೊದಲೇ ನಿಗದಿಯಾಗಿರುವ ಆಟ ಇದು. ಮೊದಲೆರಡು ಸುತ್ತಿನಲ್ಲಿ ಎರಡೆರಡು ಬಿಲ್ಲೆ, ಕೊನೆಯ ಎರಡು ಸುತ್ತಿನಲ್ಲಿ ನಾಲ್ಕು ನಾಲ್ಕು, ಅಷ್ಟೇ ಏರಿಸಬಹುದು. ಎಲೆ ಹಂಚುವ ಗುರುತಿಗೆ ಬಟನ್ ಅಂತಾರೆ. ಅದು ಡಾವದಿಂದ ಡಾವಕ್ಕೆ ಒಬ್ಬೊಬ್ಬರ ಮುಂದೆ ಸರಿಯುತ್ತ ಹೋಗುತ್ತದೆ. ಬಟನ್ನಿನ ಎಡಗಡೆಯ ಇಬ್ಬರು ಎಲೆ ನೋಡುವ ಮೊದಲೇ ಬಿಲ್ಲೆ ಇಡಬೇಕು. ಮೊದಲಿನವರು ಒಂದು, ಅದು ಚಿಕ್ಕ ಬ್ಲೈಂಡ್. ಎರಡನೆಯವರು ಎರಡು, ಅದು ದೊಡ್ಡ ಬ್ಲೈಂಡ್. ಉಳಿದವರೆಲ್ಲ ಎಲೆ ಬಿಟ್ಟು ಆ ಡಾವದಿಂದ ಹೊರಗಾದರು ಅನ್ನಿ. ಆಗ ಬಟನ್ ಮೇಲಿರುವವರು ಎಲೆ ಹ್ಯಾಗೇ ಇರಲಿ, ನಾಲ್ಕಕ್ಕೆ ಏರಿಸಿ ನಮ್ಮನ್ನು ಹೆದರಿಸುತ್ತಾರೆ. ನಾವಿಬ್ಬರೂ ಬಿಟ್ಟರೆ ಮೂರು ಬಿಲ್ಲೆ ಪುಕ್ಕಟೆ ಅವರಿಗೆ. ಇದಕ್ಕೆ ಬ್ಲೈಂಡ್ ಕದಿಯೋದು ಅಂತಲೇ ಹೆಸರು.

ನನ್ನ ಹಣೆಬರಹಕ್ಕೆ ಖುರ್ಚಿಗಳು ಹೀಗೆ ಬಿದ್ದಿದ್ದವು. ನನ್ನ ಬಲಕ್ಕೆ ಹುಲಸೂರಿನ ಗುಮಾಸ್ತ ಕಾಕಾ, ಶಾಲೆಯ ಗುಮಾಸ್ತಿಕೆಯಿಂದ ನಿವೃತ್ತರಾದವರು, ಭಾರೀ ಜೋಪಾನದ ಮನುಷ್ಯ. ಅವರ ಬಲಕ್ಕೆ ಬುಕಿಂಗ್ ಭಾಯ್. ಲಾರಿ ಬುಕಿಂಗ್ ಆಫೀಸಿನಲ್ಲಿ ಮೂವತ್ತು ವರ್ಷ ಡ್ರೈವರುಗಳ ಜೊತೆ, ವ್ಯಾಪಾರಿಗಳ ಜೊತೆ ಜಗ್ಗಾಡಿ ಪಳಗಿದವರು. ಅವರ ಬಲಕ್ಕೆ ಮಾಣಿಕನಗರದ ಅಕ್ಕ, ಮಠದ ದಾರಿಯಲ್ಲಿ ಹೂವು ಕಾಯಿ ಮಾರುವ ಅಂಗಡಿಯವರು. ನನ್ನ ಎಡಕ್ಕೆ ಕೂರುತ್ತಿದ್ದ ಇಬ್ಬರು ತಮ್ಮ ಪಾಡಿಗೆ ಆಡುವವರು, ಅವರಿಂದ ನನಗೇನೂ ಉಪದ್ರವ ಇರಲಿಲ್ಲ. ಹೀಗಾಗಿ ದೊಡ್ಡ ಬ್ಲೈಂಡ್ ನನ್ನದಾದಾಗಲೆಲ್ಲ ಬಟನ್ ಬುಕಿಂಗ್ ಭಾಯ್ ಮುಂದೆಯೇ ಇರುತ್ತಿತ್ತು.

"ಬಾಯೋರ, ನಿಮ್ಮ ಎರಡು ಬಿಲ್ಲೆ ನನ್ನ ಕಡಿ ಬರಾಕತ್ತಾವ್ರಿ," ಅನ್ನುತ್ತಿದ್ದರು ಅವರು. ನಾನು ಟೀಚರ್ ಆಗಿದ್ದವಳು ಅಂತ ಬಾಯೋರ ಅಂತಲೇ ಕರೆಯುವರು. ಮಾತಿನಲ್ಲಿ ಮರ್ಯಾದೆ ಕಮ್ಮಿ ಆಗುತ್ತಿರಲಿಲ್ಲ, ಮೌಸಿನ ಮೇಲೆ ಬೆರಳೂ ನಿಲ್ಲುತ್ತಿರಲಿಲ್ಲ. ಟಕ್, ನಾಲ್ಕು. ನಾನು ನನ್ನ ಎಲೆ ನೋಡುವೆ, ಹತ್ತು ಮತ್ತು ಆರು, ಜೋಡಿ ಇಲ್ಲ, ಜಾತಿಯೂ ಒಂದಲ್ಲ. ಬಿಡುವೆ. ಟಕ್, ನಾಲ್ಕು. ರಾಣಿ ಮತ್ತು ಏಳು. ಬಿಡುವೆ.

ಆ ಶನಿವಾರ ಬಸ್ಸಿನಲ್ಲಿ ಕಾಕಾ ಮತ್ತು ನಾನು ಒಂದೇ ಸೀಟಿನಲ್ಲಿ ಕೂತೆವು. ಅವರು ಹುಲಸೂರಿನಿಂದ ಬರುವವರು, ಬೆಳಿಗ್ಗೆ ಬಸವಕಲ್ಯಾಣದಲ್ಲಿ ನಾನು ಹತ್ತೋದರೊಳಗೆ ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟು ನನಗಾಗಿ ಜಾಗ ಹಿಡಿದಿರುತ್ತಿದ್ದರು. "ನಮ್ಮಿಬ್ಬರದೇ ಕೊನಿ, ಅವ್ವಾ," ಅಂದರು ಕಾಕಾ.  ಕಂಡಕ್ಟರ್ ಕೊಟ್ಟ ಸೊನ್ನೆ ರೂಪಾಯಿ ಟಿಕೆಟಿನ ಹಿಂಬದಿ ತಿರುಗಿಸಿ ನಾನು ಲೆಕ್ಕ ಬರೆಯತೊಡಗಿದೆ.

ಅವರು ಹಾಕಿದ್ದು ನಾಲ್ಕು. ಕಾಕಾ ಬಿಟ್ಟು ಹೋದ ಒಂದು. ನಾನು ಮೊದಲೇ ಇಟ್ಟ ಎರಡು. ನಡುವೆ ಏಳು ಬಿಲ್ಲೆ ಇವೆ. ನಾನು ಮುಂದೆ ಆಡಬೇಕಂದರೆ ಇನ್ನೆರಡು ಹಾಕಬೇಕು. ಎರಡು ಹಾಕಿ ಏಳಕ್ಕೆ ಕೈ ಚಾಚೋದು. ಒಂಬತ್ತು ಸಲ ಹೀಗೆ ಮಾಡಿ ಎರಡೇ ಸಲ ಗೆದ್ದರೂ ಹಾಕಿದ್ದು ವಾಪಸ್ ಬರುತ್ತದೆ. ನಾನು ಬಿಟ್ಟು ಬರುತ್ತಿದ್ದ ಎಲೆಗಳಲ್ಲಿ ಎಷ್ಟೋ ಎಲೆಗಳು ಇದಕ್ಕಿಂತ ಹೆಚ್ಚು ಗೆಲ್ಲುವಂಥವು! ಇನ್ನೂ ಒಂದು ಹೊಳೆಯಿತು. ಎಲೆ ಬಿಟ್ಟರೆ ನನಗೆ ಖಾಯಂ ಎರಡು ಬಿಲ್ಲೆ ಲುಕ್ಸಾನು. ಅಂದರೆ ಬ್ಲೈಂಡಿನಲ್ಲಿ ಕೂತವಳು ಗೆಲ್ಲಲೇಬೇಕು ಅಂತಿಲ್ಲ. ಡಾವಕ್ಕೆ ಎರಡಕ್ಕಿಂತ ಕಮ್ಮಿ ಸೋತರೆ ಅದೇ ಗಳಿಕೆ. ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಬಸ್ಸು ಹೆದ್ದಾರಿ ಬಿಟ್ಟು ಬಸವಕಲ್ಯಾಣದ ಕಡೆ ಹೊರಳುವಾಗ ಟಿಕೆಟಿನ ಮೇಲೆ ಬರೆಯಲು ಜಾಗ ಉಳಿದಿರಲಿಲ್ಲ. ಸೋಮವಾರ ಯಾವಾಗ ಬಂದೀತು ಅಂತ ಆಯಿತು.

ಸೋಮವಾರ ಬಂತು, ನನ್ನನ್ನು ಮುಗಿಸಿ ಹೋಯಿತು.

ಅವರು ಏರಿಸಿದಾಗಲೆಲ್ಲ ನಾನು ಎರಡು ಹಾಕಿ ಒಳಗೆ ಹೋದೆ. ಮೊದಲ ಮೂರು ಎಲೆ ಬೀಳುವವು, ನನ್ನದಕ್ಕೆ ಕೂಡುತ್ತಿರಲಿಲ್ಲ. ಅವರು ಎರಡು ಹಾಕುವರು. ನಾನು ಎಲೆ ಬಿಡುವೆ. ಮತ್ತೆ ಅದೇ. ಮಧ್ಯಾಹ್ನದ ಮೇಲೆ ನನಗೆ ಸಿಟ್ಟು ಬಂತು. ರಾಜ ಮತ್ತು ನಾಲ್ಕು ಇಟ್ಟುಕೊಂಡು, ನಡುವೆ ಒಂಬತ್ತರ ಎರಡು ಎಲೆ ಬಿದ್ದು ನನ್ನದಕ್ಕೆ ಏನೂ ಕೂಡದಿದ್ದರೂ, ಹಟಕ್ಕೆ ಬಿದ್ದು ಕೊನೆಯ ಎಲೆತನಕ ಹೋದೆ. ಅವರು ಐದರ ಜೋಡಿ ತೋರಿಸಿದರು. ಒಂದೇ ಡಾವದಲ್ಲಿ ಹದಿನಾಲ್ಕು ಬಿಲ್ಲೆ ಹೋದವು.

"ಬಾಯೋರ, ಸಿಟ್ಟು ಮಾಡಬ್ಯಾಡ್ರಿ," ಅಂದರು ಬುಕಿಂಗ್ ಭಾಯ್. ಖರೇನೇ ಕಳಕಳಿಯಿಂದ ಅಂದರು, ಅದಕ್ಕೇ ನನಗೆ ಇನ್ನೂ ಉರಿಯಿತು.

ದಿನದ ಕೊನೆಗೆ ಪರದೆ ಮೇಲೆ ಲೆಕ್ಕ ಬಂತು. ನೂರು ಸಲ ದೊಡ್ಡ ಬ್ಲೈಂಡಿನಲ್ಲಿ ಕೂತಿದ್ದೆ, ಇನ್ನೂರ ಮೂವತ್ತೆರಡು ಬಿಲ್ಲೆ ಕಳೆದುಕೊಂಡಿದ್ದೆ. ಕಣ್ಣು ಮುಚ್ಚಿ ಎಲ್ಲ ಡಾವ ಬಿಟ್ಟಿದ್ದರೂ ಇನ್ನೂರೇ ಹೋಗುತ್ತಿದ್ದವು. ವಾರವಿಡೀ ಇದೇ ಆಯಿತು. ಶುಕ್ರವಾರ ಮೇಡಂ ನನ್ನ ಪರದೆ ನೋಡಿ ಅಂಕಿ ಬರೆದುಕೊಂಡು ಮುಂದೆ ಹೋದರು.

ಭಾನುವಾರ ಬುದ್ಧ ವಿಹಾರಕ್ಕೆ ಹೋಗಿ ಬಂದು, ಮನೆ ಮುಂದಿನ ಕಟ್ಟೆ ಮೇಲೆ ಇಸ್ಪೀಟು ಹರಡಿಕೊಂಡು ಕೂತೆ. ನಮ್ಮ ಅತ್ತೆ ತೊಗರಿ ಹಸನು ಮಾಡುತ್ತಿದ್ದರು. ಮಂಠಾಳದ ಕಡೆಯ ಹೊಲಗಳಲ್ಲಿ ಆಯುಷ್ಯವಿಡೀ ಕೂಲಿ ಮಾಡಿದವರು, ಅಕ್ಷರ ಕಲಿತಿಲ್ಲ, ಆದರೆ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ.

"ಇದಕ್ಕೇನ ಪಗಾರ ಕೊಡ್ತಾರ ನಿನಗ?" ಅಂದರು.

"ಹೌದ್ರಿ ಅತ್ತಿ. ಒಬ್ಬರು ನನ್ನ ಹೈರಾಣ ಮಾಡ್ಯಾರ. ನೀವು ಅವರಂಗ ಆಡ್ತೀರೇನು? ಎಲಿ ನೋಡಬ್ಯಾಡ್ರಿ, ಪ್ರತಿ ಸಲಾ ಏರಸ್ರಿ, ಅಷ್ಟೇ."

"ಎಲಿ ನೋಡಲಾರದ? ಅದು ನನಗ ಬರ್ತದ ತಗೋ." ಮೊರದಿಂದ ಒಂದು ಹಿಡಿ ತೊಗರಿ ತಮ್ಮ ಮುಂದೆ ಸುರಿದುಕೊಂಡರು, ಒಂದು ಹಿಡಿ ನನ್ನ ಮುಂದೆ.

ಜೋಡಿ ಅಂದರೇನು, ಒಂದರ ಹಿಂದೊಂದು ಬಂದರೇನು ಅನ್ನೋದು ಹತ್ತು ನಿಮಿಷದಲ್ಲಿ ಅವರಿಗೆ ತಿಳಿಯಿತು. ಒಂದು ತಾಸಿನಲ್ಲಿ ನನ್ನ ತೊಗರಿ ಖಾಲಿ. ಅವರು ಎಲೆ ಮುಟ್ಟಿರಲೇ ಇಲ್ಲ!

"ಹ್ಯಾಂಗ್ರಿ ಅತ್ತಿ?"

ಅವರು ನಕ್ಕರು. "ನಿನ್ನ ಮಾರಿ ನೋಡೋ ಗರಜೂ ಇಲ್ಲ. ಎರಡು ಕಾಳು ಹಾಕಿ ಒಳಗ ಬರ್ತಿ. ಮೂರು ಎಲಿ ಬೀಳ್ತಾವ. ಕೂಡಿತ್ತಂದ್ರ ಗಪ್ ಕುಂದ್ರತಿ, ಕೂಡಲಿಲ್ಲಂದ್ರ ಎದ್ದು ಹೋಗ್ತಿ. ಮೂರು ಸಲದಾಗ ಎರಡು ಸಲ ಎದ್ದೇ ಹೋಗ್ತಿ. ಮದಲಿಗೇ ಬಿಟ್ಟಿದ್ರ ಎರಡು ಕಾಳು ಹೋಗ್ತಿದ್ದವು. ಈಗ ನಾಕು ಕೊಟ್ಟು ಹೋಗಾಕತ್ತಿ."

 ಅವರು ಮೊರ ಎತ್ತಿಕೊಂಡು, ಇದರಲ್ಲಿ ಏನು ದೊಡ್ಡದು ಅನ್ನುವ ಹಾಗೆ ಮತ್ತೊಂದು ಮಾತು ಹಾಕಿದರು. "ನಿನಗ ಕೂಡಲಿಲ್ಲ ಖರೆ. ನನಗರ ಎಲ್ಲಿ ಕೂಡ್ಯಾದ? ನಾ ನೋಡೇ ಇಲ್ಲಲ್ಲ."

ಇಡೀ ವಾರ ನಾನು ಒಂದೇ ಒಂದು ಸಲವೂ ಇದನ್ನು ಯೋಚಿಸಿರಲಿಲ್ಲ. ಸೋಮವಾರದಿಂದ ಬುಕಿಂಗ್ ಭಾಯ್ ಎಷ್ಟು ಸಲ ಕದಿಯುತ್ತಾರೆ ಅಂತ ಗೆರೆ ಹಾಕಿ ಎಣಿಸಿದೆ. ಎಲ್ಲರೂ ಬಿಟ್ಟು ಬಟನ್ ತನಕ ಬಂದ ಇಪ್ಪತ್ತು ಡಾವದಲ್ಲಿ ಹದಿನೇಳು ಸಲ ಏರಿಸಿದರು. ಹದಿನೇಳು! ಒಳ್ಳೆಯ ಎಲೆ ಯಾರಿಗೂ ಅಷ್ಟು ಸಲ ಬರೋದಿಲ್ಲ. ಅವರ ಕೈಯಲ್ಲೂ ಹೆಚ್ಚು ಸಲ ಕಸವೇ. ಭಾಯ್‌ಗಿಂತ ಮೊದಲು ಆಡುವ ಮಾಣಿಕನಗರದ ಅಕ್ಕ, ತಮ್ಮ ತನಕ ಬಂದ ಇಪ್ಪತ್ತರಲ್ಲಿ ಹನ್ನೆರಡು ಸಲ. ಅಕ್ಕ ಏರಿಸಿದಾಗ ಸ್ವಲ್ಪ ಒಳ್ಳೆ ಎಲೆಯಿಂದ, ಭಾಯ್ ಏರಿಸಿದಾಗ ಇನ್ನೂ ಹಗುರ ಎಲೆಯಿಂದಲೂ ಎದುರು ನಿಲ್ಲೋದು ಅಂತ ಒಂದು ಪಟ್ಟಿ ಮಾಡಿದೆ. ಯಾವ ಎಲೆಗೆ ಬಿಡೋದು, ಯಾವುದಕ್ಕೆ ಅವರಷ್ಟೇ ಹಾಕಿ ನಿಲ್ಲೋದು, ಯಾವುದಕ್ಕೆ ತಿರುಗಿ ಏರಿಸೋದು. ಪೆನ್ನಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಪಾಠದ ಹಾಗೆ ಬಾಯಿಪಾಠ ಮಾಡಿದೆ.

ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆ ಡಾವ ಬಂತು. ಟಕ್, ನಾಲ್ಕು. ನನ್ನಲ್ಲಿ ಕಳಾವರ ಜಾತಿಯ ಹತ್ತು ಮತ್ತು ಎಂಟು. ಎರಡು ಹಾಕಿದೆ. ನಡುವೆ ಎಂಟು, ಐದು, ಎರಡು ಬಿದ್ದವು. ನನ್ನ ಎಂಟಕ್ಕೆ ಜೋಡಿ ಆಯಿತು. ಹಿಂದಿನ ವಾರ ಆಗಿದ್ದರೆ ಗಪ್ಪನೆ ಕೂತು ಅವರು ಹಾಕಿದ್ದಕ್ಕೆ ಹಾಕುತ್ತ ಹೋಗುತ್ತಿದ್ದೆ. ಈಗ ನಾನು ಮೊದಲು ಏನೂ ಹಾಕದೆ ಅವರಿಗೆ ದಾರಿ ಬಿಟ್ಟೆ. ಅವರು ಎಂದಿನಂತೆ ಎರಡು ಹಾಕಿದರು. ಆಗ ನಾನು ನಾಲ್ಕಕ್ಕೆ ಏರಿಸಿದೆ.

ಕೋಣೆಯಲ್ಲಿ ಅವರ ಖುರ್ಚಿ ಕಿರ್ ಅಂದಿತು.

ಅವರು ಇನ್ನೆರಡು ಹಾಕಿ ಸಮ ಮಾಡಿದರು. ನಾಲ್ಕನೇ ಎಲೆ ಬದಾಮಿನ ರಾಜ. ಅದು ಅವರಿಗೆ ಕೂಡಿರಬಹುದು, ಆದರೂ ನಾಲ್ಕು ಹಾಕಿದೆ. ಅವರು ಯೋಚಿಸಿದರು. ಅವರು ಯೋಚಿಸಿದ್ದನ್ನು ನಾನು ಮೊದಲ ಸಲ ಕಂಡದ್ದು ಆವತ್ತು. ಎಲೆ ಬಿಟ್ಟರು.

"ಏನ್ರಿ ಬಾಯೋರ, ನಿನ್ನಿ ಏನ್ ಉಂಡಿದ್ರಿ?"

"ತೊಗರಿ ಬ್ಯಾಳಿರಿ," ಅಂದೆ. 

ಅಲ್ಲಿಂದ ನಾನು ಬೇರೆಯೇ ಆಟ ಆಡಿದೆ. ಕೂಡಿದಾಗಲೂ ಏರಿಸಿದೆ, ಒಂದೆಲೆ ಬಂದರೆ ಐದೂ ಒಂದೇ ಜಾತಿ ಆಗುವಂತಿದ್ದಾಗಲೂ ಏರಿಸಿದೆ. ಜೋಡಿ ಇಲ್ಲದೆ ಬರೀ ಎಕ್ಕ ಇಟ್ಟುಕೊಂಡು ಕೊನೆತನಕ ಹೋಗಿ, ಅವರ ಗುಲಾಮ ಹತ್ತನ್ನು ಸೋಲಿಸಿದೆ. ಏನೂ ಇಲ್ಲದ ಕಡೆ ಹಟ ಮಾಡದೆ ಬಿಟ್ಟೆ, ಅದೂ ಕಲಿಯಬೇಕಿತ್ತು. ಸೋಲುವ ಡಾವಗಳು ಆಗಲೂ ಬೇಕಾದಷ್ಟಿದ್ದವು. ಆದರೆ ದಿನದ ಲೆಕ್ಕ ಇನ್ನೂರರ ಕೆಳಗೆ ಬಂತು, ನೂರೈವತ್ತರ ಹತ್ತಿರ ಬಂತು. ಬಸ್ಸಿನಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಅಲ್ಲಿಗೇ ನಿಂತುಬಿಟ್ಟಿತು. ಬುಧವಾರ ಅಷ್ಟೇ, ಗುರುವಾರ ಅಷ್ಟೇ. ಭಾಯ್ ಏನೂ ಕಮ್ಮಿ ಮಾಡಲಿಲ್ಲ, ಅದೇ ಹದಿನೇಳು. ನಾನು ಇಷ್ಟು ಹೊಡೆದಾಡಿದರೂ ಅವರಿಗೆ ಯಾಕೆ ನಡೆಯುತ್ತಿದೆ?

ಗುರುವಾರ ಸಂಜೆ ಬಸ್ಸಿನಲ್ಲಿ ಟಿಕೆಟಿನ ಹಿಂದೆ ಭಾಯ್ ಕಡೆಯಿಂದ ಲೆಕ್ಕ ಹಾಕಿ ನೋಡಿದೆ. ಅವರು ನಾಲ್ಕು ಹಾಕೋದು ಮೂರಕ್ಕಾಗಿ. ಏಳು ಸಲದಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಬ್ಲೈಂಡಿನ ಇಬ್ಬರೂ ಬಿಟ್ಟರೆ, ಅವರಿಗೆ ಎಲೆಯೇ ಬೇಕಿಲ್ಲ. ಇಬ್ಬರೂ ಬಿಡಬೇಕು. ನಾನೊಬ್ಬಳು ಎಷ್ಟೇ ಎದುರು ನಿಂತರೂ ಎಲ್ಲ ಎಲೆಗೂ ನಿಲ್ಲಲಾಗೋದಿಲ್ಲ. ಇನ್ನೊಂದು ಬಾಗಿಲು ಪೂರಾ ತೆರೆದಿತ್ತು. ಚಿಕ್ಕ ಬ್ಲೈಂಡಿನಲ್ಲಿ ಕೂತ ಗುಮಾಸ್ತ ಕಾಕಾ ಏರಿಸಿದಾಗಲೆಲ್ಲ ಎಲೆ ಬಿಡುತ್ತಿದ್ದರು. ರಾಜ ರಾಣಿ ಬಂದರೂ ಬಿಟ್ಟೆ ಅಂತ ಅವರೇ ಬಸ್ಸಿನಲ್ಲಿ ಹೇಳುತ್ತಿದ್ದರು.

ಆ ಕಾಕಾ ನನ್ನ ಪಕ್ಕದಲ್ಲೇ ಕಿಟಕಿಗೆ ತಲೆ ಆನಿಸಿ ಕೂತಿದ್ದರು.

ಹೇಳಬೇಕೋ ಬೇಡವೋ? ಉಳಿಯೋದು ನಾಲ್ಕೇ ಖುರ್ಚಿ. ಅವರು ಆರನೆಯವರು, ನಾನು ಐದನೆಯವಳು. ಅವರು ಮೇಲೆ ಬಂದರೆ ನನ್ನನ್ನು ದಾಟಿಯೇ ಬರಬೇಕು. ಇನ್ನೂ ಒಂದು ತೊಡಕಿತ್ತು. ಚಿಕ್ಕ ಬ್ಲೈಂಡಿನಿಂದ ಅವರು ತಿರುಗಿ ಏರಿಸಿದರೆ, ಅವರ ನಂತರ ಆಡುವ ನನಗೂ ಅದೇ ಬೆಲೆ. ಸುಮಾರಾದ ಎಲೆ ಇದ್ದರೆ ನಾನೂ ಬಿಡಬೇಕಾಗುತ್ತದೆ, ನನ್ನ ಎರಡು ಬಿಲ್ಲೆ ಅವರ ಪಾಲಿಗೆ. ರಾಜೇಶ್ವರ ಊರು ದಾಟುವತನಕ ಬಾಯಿ ತೆರೆಯಲಿಲ್ಲ. ಕಾಕಾ ಕಣ್ಣು ಬಿಟ್ಟು, "ಸೋಮವಾರದಿಂದ ಬರೋದು ಬ್ಯಾಡ ಅನಸ್ತದ ಅವ್ವಾ. ಕಡೀ ವಾರ ಹ್ಯಾಂಗೂ ಹೊರಗ ಹಾಕ್ತಾರ. ನೀ ಸೀಟ್ ಹಿಡಕೊಳ್ಳಿಕ್ಕ ಬ್ಯಾರೆ ಯಾರನ್ನರ ನೋಡ್ಕೋ," ಅಂದರು.

ನಾನು ಲೆಕ್ಕ ಬರೆದ ಟಿಕೆಟ್ ಅವರ ಮುಂದೆ ಹಿಡಿದೆ.

"ಕಾಕಾ, ಇದು ನೋಡ್ರಿ. ಅವರು ಹಾಕೋದು ನಾಲ್ಕು, ಸಿಗೋದು ಮೂರು. ನಾವಿಬ್ಬರೂ ಬಿಟ್ರ ಮಾತ್ರ ಅವರಿಗೆ ಫಾಯ್ದಾ. ನಾ ಒಬ್ಬಾಕಿ ಎಷ್ಟಂತ ತಡೀಲಿ?"

ಅವರು ಕನ್ನಡಕ ಹಾಕಿಕೊಂಡರು. "ನಾ ಇನ್ನೂ ಮೂರು ಹಾಕಿ ಕೂಡಬೇಕೇನು?"

"ಬಿಲ್ಕುಲ್ ಬ್ಯಾಡ್ರಿ. ಸುಮ್ನ ಕೂಡಿದ್ರ ನಾನೂ ಒಳಗ ಬರ್ತೀನಿ, ನಿಮಗ ಇಬ್ಬರ ಕಾಟ. ನಿಮಗ ಎರಡೇ ದಾರಿ. ಕಸ ಇದ್ರ ಬಿಡ್ರಿ. ಎಕ್ಕ ಇತ್ತು, ಜೋಡಿ ಇತ್ತು, ರಾಜ ರಾಣಿ ಇತ್ತು, ಆರಕ್ಕ ಏರಸ್ರಿ. ನಾ ಎದ್ದು ಹೋಗ್ತೀನಿ, ನೀವು ಅವರು ಇಬ್ಬರೇ ಉಳೀತೀರಿ. ಅವರ ಕೈಯಾಗ ಹೆಚ್ಚು ಸಲ ಏನೂ ಇರೋದಿಲ್ರಿ."

"ನೀ ಎದ್ದು ಹೋದ್ರ ನಿನ್ನ ಎರಡು ಬಿಲ್ಲಿ ಹೋಗ್ತಾವಲ್ಲ?"

ಗುಮಾಸ್ತರಲ್ಲವೇ, ತಟ್ಟನೆ ಹಿಡಿದರು.

"ಹೋಗ್ಲಿ ಬಿಡ್ರಿ," ಅಂದೆ. ಅಂದ ಮೇಲೆ ಹೆದರಿಕೆಯೂ ಆಯಿತು, ಒಂಥರಾ ಹುರುಪೂ ಬಂತು. ಬಸವಕಲ್ಯಾಣದ ನಿಲ್ದಾಣ ಬರುವತನಕ ಅವರು ಆ ಟಿಕೆಟ್ ಕೆಳಗಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಭಾಯ್ ಬಟನ್ ಮೇಲಿಂದ ಏರಿಸಿದರು. ಟಕ್. ನಾನು ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕಾಕಾ ಮೌಸ್ ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡಿದ್ದರು. ಪರದೆ ಮೇಲೆ ಚಿಕ್ಕ ಬ್ಲೈಂಡಿನ ಮುಂದೆ ಆರು ಬಿಲ್ಲೆ ಮೂಡಿದವು.

"ಅರೇ!" ಅಂದರು ಮಾಣಿಕನಗರದ ಅಕ್ಕ, ಎದ್ದೇ ನಿಂತು. "ಗುಮಾಸ್ತರ, ಕೈ ತಪ್ಪಿ ಒತ್ತಿದ್ರೇನ್ರಿ?"

 ನನ್ನ ಕೈಯಲ್ಲಿ ರಾಣಿ ಮತ್ತು ಒಂಬತ್ತು, ಭಾಯ್ ಜೊತೆ ಹೊಡೆದಾಡಲಿಕ್ಕೆ ಚಂದದ ಎಲೆ. ಬಿಟ್ಟೆ. ಆ ಡಾವ ಕಾಕಾ ಗೆದ್ದರು. ಮಧ್ಯಾಹ್ನದೊಳಗೆ ಇನ್ನೂ ಎರಡು ಸಲ ಹೀಗೇ ನನ್ನ ಒಳ್ಳೆಯ ಎಲೆ ಅವರಿಂದಾಗಿ ಕೆಳಗಿಡಬೇಕಾಯಿತು. ಚಹಾ ಕುಡಿಯುವಾಗ ನನ್ನ ಮುಖ ನೋಡಿ ಕಾಕಾ ನೆಲ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ.

ಕೊನೆಯ ವಾರದ ಬುಧವಾರಕ್ಕೆ ಗೆರೆಗಳು ಬದಲಾದವು. ಭಾಯ್ ಇಪ್ಪತ್ತಕ್ಕೆ ಹದಿನಾಲ್ಕು. ಗುರುವಾರ ಹನ್ನೊಂದು. ಅವರು ಎಲೆ ನೋಡಿ ಏರಿಸತೊಡಗಿದ್ದರು! ನನ್ನ ದಿನದ ಲೆಕ್ಕ ನೂರಿಪ್ಪತ್ತು, ಒಂದು ದಿನ ನೂರಾ ಐದು. ಯಾರ ಪರದೆ ಮೇಲೆ ಎಷ್ಟಿದೆ ಅಂತ ಮೇಡಂ ಹೇಳುತ್ತಿರಲಿಲ್ಲ, ಆದ್ದರಿಂದ ಎಲ್ಲಿದ್ದೇನೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಶನಿವಾರ ಕೊನೆಯ ದಿನ. ಮೂರು ಗಂಟೆಗೆ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಆಡುತ್ತಿದ್ದೆವು, ಫ್ಯಾನ್ ಬಂದ್. ಭಾಯ್ ಬಟನ್ ಮೇಲಿಂದ ಏರಿಸಿದರು. ಕಾಕಾ ಬಿಟ್ಟರು. ನನ್ನಲ್ಲಿ ಚೌಕಟ ಜಾತಿಯ ಆರು ಮತ್ತು ಐದು. ಎರಡು ಹಾಕಿದೆ, ನಡುವೆ ಒಂಬತ್ತು ಬಿಲ್ಲೆ ಆದವು. ರಾಜ, ಆರು, ಎರಡು ಬಿದ್ದವು. ನನಗೆ ಆರರ ಜೋಡಿ. ಅವರು ಎರಡು ಹಾಕಿದರು, ನಾನು ನಾಲ್ಕಕ್ಕೆ ಏರಿಸಿದೆ, ಅವರು ತಡಮಾಡದೆ ಆರಕ್ಕೆ ಏರಿಸಿದರು.

ರಾಜ ಇದೆಯಾ ಇವರ ಹತ್ತಿರ? ನಾನೂ ಆರು ತುಂಬಿದೆ. ಇಪ್ಪತ್ತೊಂದು ಆಯಿತು. ನಾಲ್ಕನೇ ಎಲೆ ಒಂಬತ್ತು. ಅವರು ನಾಲ್ಕು ಹಾಕಿದರು, ನಾನೂ ಹಾಕಿದೆ. ಇಪ್ಪತ್ತೊಂಬತ್ತು. ಐದನೇ ಎಲೆ ನಾಲ್ಕು, ನನಗೆ ಏನೂ ಉಪಯೋಗ ಇಲ್ಲ. ಅವರು ಮತ್ತೆ ನಾಲ್ಕು ಹಾಕಿದರು. ಮೂವತ್ತಮೂರು.

ಭಾಯ್ ಪರದೆಯಿಂದ ಕಣ್ಣು ತೆಗೆಯಲಿಲ್ಲ.  ಸೋತರೆ ಒಂದೇ ಡಾವದಲ್ಲಿ ಹದಿನೆಂಟು ಬಿಲ್ಲೆ, ಅದೂ ಕೊನೆಯ ದಿನ. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಬರೀ ಆರರ ಜೋಡಿ, ಬಾಯೋರ, ಬಿಡ್ರಿ, ಅಂತ ನನ್ನೊಳಗೇ ಯಾರೋ ಅಂದರು. ನಾನು ಹೆದರಿಕೆಯನ್ನು ಪಕ್ಕಕ್ಕಿಟ್ಟು ಲೆಕ್ಕ ಹಿಡಿದೆ. ನಾಲ್ಕು ಹಾಕಿದರೆ ಮೂವತ್ತಮೂರು ಸಿಗುತ್ತದೆ. ಒಂಬತ್ತು ಸಲದಲ್ಲಿ ಎಂಟು ಸಲ ಸೋತರೆ ಮೂವತ್ತೆರಡು ಹೋಗುತ್ತವೆ, ಒಂದು ಸಲ ಗೆದ್ದರೆ ಮೂವತ್ತಮೂರು ಬರುತ್ತವೆ. ಇವರು ಒಂಬತ್ತು ಸಲದಲ್ಲಿ ಒಂದೇ ಸಲ ಸುಳ್ಳು ಹೇಳುವವರೇ? ಎರಡು ವಾರ ನಾನು ಹಾಕಿದ ಗೆರೆಗಳು ಸುಳ್ಳಾಗಿದ್ದರೆ ಮಾತ್ರ.

ನಾಲ್ಕು ಹಾಕಿದೆ.

ಅವರ ಎಲೆ ತಿರುಗಿದವು. ರಾಣಿ, ಗುಲಾಮ. ಜೋಡಿಯೇ ಇರಲಿಲ್ಲ!

ನಾನು ಕೂಗಿದೆ. ಏನು ಕೂಗಿದೆ ಅಂತ ನೆನಪಿಲ್ಲ, ಟೈರ್ ಅಂಗಡಿಯವರು ಮೇಲೆ ನೋಡಿದರಂತೆ. ಮೂವತ್ತೇಳು ಬಿಲ್ಲೆ ನನ್ನ ಕಡೆ ಸರಿದು ಬಂದವು. ಭಾಯ್ ಎರಡೂ ಕೈ ತಲೆ ಮೇಲಿಟ್ಟು, "ಯಾ ಅಲ್ಲಾ, ಆರರ ಜೋಡಿ ಹಿಡಕೊಂಡು!" ಅಂದರು.

ಮುಂದಿನ ಸುತ್ತಿನಲ್ಲಿ ದೊಡ್ಡ ಬ್ಲೈಂಡ್ ಮತ್ತೆ ನನ್ನ ಮುಂದೆ ಬಂತು. ಎಲ್ಲರೂ ಬಿಟ್ಟರು, ಬಟನ್ ತನಕ ಬಂತು. ಭಾಯ್ ಪರದೆ ನೋಡಿದರು, ನನ್ನನ್ನು ನೋಡಿದರು, ಎಲೆ ಬಿಟ್ಟರು. ಏರಿಸದೆ, ಸುಮ್ಮನೆ ಬಿಟ್ಟರು. ನಾನು ಉಸಿರು ಬಿಡುವುದರೊಳಗೆ ಚಿಕ್ಕ ಬ್ಲೈಂಡಿನಿಂದ ನಾಲ್ಕು ಬಿಲ್ಲೆ ಮೂಡಿದವು.

"ಕಾಕಾ! ನನ್ನದೇ ಕದೀತೀರೇನ್ರಿ?"

"ಅವರು ಬಿಟ್ರಲ್ಲ ಅವ್ವಾ," ಅಂದರು ಕಾಕಾ ತಲೆ ಎತ್ತದೆ. "ಇನ್ನ ಉಳಿದಾಕಿ ನೀ ಒಬ್ಬಾಕೀನೇ."

ಇಡೀ ಕೋಣೆ ನಕ್ಕಿತು, ಮೇಡಂ ಸಹಿತ. ನನ್ನಲ್ಲಿ ಎಕ್ಕ ಒಂಬತ್ತು ಇತ್ತು, ತಿರುಗಿ ಏರಿಸಿ ಕೊನೆತನಕ ಹೋದೆ. ಅವರ ಕೈಯಲ್ಲಿ ಏಳರ ಜೋಡಿ. ಸೋತು ಇಷ್ಟು ಖುಷಿಪಟ್ಟದ್ದು ನನಗೆ ಬೇರೆ ನೆನಪಿಲ್ಲ.

ಐದೂವರೆಗೆ ಮೇಡಂ ಹಾಳೆ ಅಂಟಿಸಿದರು. ಮೊದಲ ಸಾಲು ಬುಕಿಂಗ್ ಭಾಯ್. ಎರಡನೆಯದು ಗುಮಾಸ್ತ ಕಾಕಾ, ಅವರು ಅದನ್ನು ಬೆರಳಿಟ್ಟು ಎರಡು ಸಲ ಓದಿದರು. ಮೂರನೆಯದು ನಾನು. ನಾಲ್ಕನೆಯದು ನನ್ನ ಎಡಕ್ಕೆ ಕೂರುತ್ತಿದ್ದವರಲ್ಲಿ ಒಬ್ಬರು. ಎಡಗಡೆಯ ಇನ್ನೊಬ್ಬರು ಆರನೆಯದರಲ್ಲಿ, ಮಾಣಿಕನಗರದ ಅಕ್ಕ ಐದನೇ ಸಾಲಿನಲ್ಲಿದ್ದರು. ಬ್ಯಾಗ್ ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದರು.

"ಮಂದಿ ಬ್ಲೈಂಡೇ ನೋಡ್ಕೋತ ಕುಂತೆ ನಾ. ನನ್ನದು ಎಷ್ಟು ಹೋಗಾಕತ್ತದ ಅಂತ ಎಣಸಲೇ ಇಲ್ಲ," ಅಂದರು. "ಇರ್ಲಿ ಬಿಡ್ರಿ, ಅಂಗಡಿ ಅದ. ನಮ್ಮ ಕಡಿ ಬಂದ್ರ ಭೆಟ್ಟಿಯಾಗಿ ಹೋಗ್ರಿ." ಅವರು ಮೆಟ್ಟಿಲು ಇಳಿದು ಹೋಗುವತನಕ ನಾವ್ಯಾರೂ ಕೂರಲಿಲ್ಲ.

ಸೋಮವಾರ ನಾಲ್ಕು ಖುರ್ಚಿಗಳನ್ನು ಹೊಸದಾಗಿ ಹೊಂದಿಸಬೇಕಿತ್ತು. ಮೇಡಂ ಏನಾದರೂ ಹೇಳುವ ಮೊದಲೇ ಬುಕಿಂಗ್ ಭಾಯ್ ತಮ್ಮ ಖುರ್ಚಿ ಎಳೆಯತೊಡಗಿದರು.

"ಮೇಡಂ, ನಾ ಬಾಯೋರ ಎಡಕ್ಕ ಕುಂದ್ರತೀನ್ರಿ. ಬಟನ್ ಮ್ಯಾಲ ಕುಂತಾಗೊಮ್ಮಿ ಇವರ ಬ್ಲೈಂಡ್ ನೋಡಿ ನೋಡಿ ಸಾಕಾಗ್ಯಾದ. ಬ್ಯಾರೆ ಯಾರದರ ನೋಡ್ತೀನಿ."

"ಕುಂದ್ರಿ," ಅಂದರು ಮೇಡಂ.

ಮೌಸು, ನೀರಿನ ಬಾಟಲಿ, ಕನ್ನಡಕದ ಡಬ್ಬಿ ಎಲ್ಲ ತಂದು ನನ್ನ ಎಡಕ್ಕೆ ಜೋಡಿಸಿಕೊಂಡರು. ಕಾಕಾ ಬಲಕ್ಕೇ ಉಳಿದರು. ಪರದೆ ಬೆಳಗಿತು. ಬಟನ್ ನನ್ನ ಮುಂದೆ ಬಂದು ನಿಂತಿತು. ಚಿಕ್ಕ ಬ್ಲೈಂಡಿನ ಒಂದು ಬಿಲ್ಲೆ ಭಾಯ್ ಮುಂದೆ. ಕಾಕಾ ಎಲೆ ಬಿಟ್ಟರು. ನಾನು ನನ್ನ ಎಲೆ ನೋಡಿದೆ. ರಾಣಿ ಮತ್ತು ಮೂರು, ಜಾತಿಯೂ ಒಂದಲ್ಲ. ಮೌಸಿನ ಮೇಲೆ ಬೆರಳಿಟ್ಟೆ.

ಟಕ್, ನಾಲ್ಕು.

ಭಾಯ್ ಪರದೆ ನೋಡಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಬಾಯೋರ," ಅಂದರು, "ಇದು ನಾ ವಿಚಾರ ಮಾಡಿರಲಿಲ್ರಿ."